ಕೇಕ್ ಇಲ್ಲದ ಹುಟ್ಟುಹಬ್ಬ

ಆಗಸ್ಟ್ 30ರ ಬೆಳಿಗ್ಗೆ ತ್ರಾಸಿಯಲ್ಲಿ ಮಳೆ ಬಿಟ್ಟಿರುವುದೇ ಅಪರೂಪ. ಒಂದು ಕಡೆ ಕಡಲು ಮೊರೆಯುತ್ತಿರುತ್ತದೆ, ಇನ್ನೊಂದು ಕಡೆ ಹೆದ್ದಾರಿಯಲ್ಲಿ ಲಾರಿಗಳು ನೀರು ಚಿಮ್ಮಿಸಿಕೊಂಡು ಹೋಗುತ್ತಿರುತ್ತವೆ. ಆ ನಡುವೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹೂವಿನ ತಟ್ಟೆ ಹಿಡಿದು ಮಕ್ಕಳು ಚರ್ಚಿಗೆ ಹೊರಡುತ್ತಾರೆ. ತಟ್ಟೆಯಲ್ಲಿರುವುದು ಅಂಗಡಿಯಲ್ಲಿ ಕೊಂಡ ಹೂವಲ್ಲ. ಬೇಲಿಯ ದಾಸವಾಳ, ಬಾವಿಕಟ್ಟೆಯ ಬಳಿಯ ಶಂಖಪುಷ್ಪ, ಗದ್ದೆ ಅಂಚಿನ ತುಂಬೆ, ಪಕ್ಕದ ಮನೆಯವರನ್ನು ಕೇಳಿ ಕಿತ್ತ ನಾಲ್ಕು ಡೇರೆ ಹೂವು. ಕೆಲವೊಮ್ಮೆ ಕೇಳದೆ ಕಿತ್ತದ್ದೂ ಇರುತ್ತದೆ. ಸೆಪ್ಟೆಂಬರ್ 7ರವರೆಗೆ ಒಂಬತ್ತು ದಿನ ಮಕ್ಕಳು ಈ ಹೂವುಗಳನ್ನು ಬಾಲ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹತ್ತನೆಯ ದಿನವೇ ಮೊಂತಿ ಹಬ್ಬ, ನಮ್ಮ ತೆನೆ ಹಬ್ಬ.

ಕಳೆದ ವರ್ಷ ಈ ನವದಿನಗಳಲ್ಲಿ ಒಂದು ಸಂಜೆ ಧರ್ಮಕೇಂದ್ರದ ಒಬ್ಬ ಯುವ ತಾಯಿ ನನ್ನನ್ನು ಬದಿಗೆ ಕರೆದು ಕೇಳಿದಳು: "ಟೀಚರ್, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹಾಲ್ ಮಾಡದಿದ್ದರೆ ನೆಂಟರು ಏನೆಂದಾರು? ಇವರು ಸಾಲಕ್ಕೆ ಅರ್ಜಿ ಹಾಕಿದ್ದಾರೆ." ಹಾಲ್, ಬಣ್ಣದ ಬಲೂನಿನ ಕಮಾನು, ಎರಡು ಅಂತಸ್ತಿನ ಕೇಕ್, ಇನ್ನೂರು ಜನರ ಊಟ, ವಿಡಿಯೋ. ಗಂಡ ಕೊಲ್ಲಿ ದೇಶದಿಂದ ಕೆಲಸ ಬಿಟ್ಟು ಬಂದು ಆರು ತಿಂಗಳಾಗಿತ್ತು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮಗುವಿಗೆ ಹಬ್ಬ ಬೇಡ ಎನ್ನಲು ನಾನ್ಯಾರು? ಆದರೆ ನಾವಿಬ್ಬರೂ ನಿಂತಿದ್ದ ಜಾಗದಲ್ಲೇ ಆಗ ಒಂದು ಮಗುವಿನ ಹುಟ್ಟುಹಬ್ಬ ನಡೆಯುತ್ತಿತ್ತು. ಅದಕ್ಕೆ ಯಾರೂ ಸಾಲ ಮಾಡಿರಲಿಲ್ಲ. ಆ ಹಬ್ಬ ನಮ್ಮ ಮನೆಗಳಿಗೆ ಹೇಗೆ ಬಂತು, ನಮ್ಮ ಹಿರಿಯರು ಅದನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಆ ತಾಯಿಗಾಗಿಯೇ ಬರೆಯುತ್ತಿದ್ದೇನೆ.

ಪ್ರಿಯ ಓದುಗರೇ, ಪವಿತ್ರ ಗ್ರಂಥದಲ್ಲಿ ಹುಟ್ಟುಹಬ್ಬದ ಔತಣ ಮಾಡಿದವರು ಯಾರು ಯಾರು? ಆದಿಕಾಂಡದ 40ನೇ ಅಧ್ಯಾಯದಲ್ಲಿ ಈಜಿಪ್ಟಿನ ಫರೋಹ. ಆ ದಿನ ಅವನ ಅಡುಗೆ ಭಟ್ಟರ ಮುಖ್ಯಸ್ಥನನ್ನು ಗಲ್ಲಿಗೇರಿಸಲಾಯಿತು. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಹೆರೋದ. ಅಲ್ಲಿ ಸ್ನಾನಿಕ ಯೊವಾನ್ನನ ತಲೆ ಹರಿವಾಣದಲ್ಲಿ ಬಂತು. ಮೂರನೆಯ ಶತಮಾನದ ವಿದ್ವಾಂಸ ಒರಿಜನ್ ಇದನ್ನೇ ಎತ್ತಿ ತೋರಿಸಿ, ಸಂತರಾರೂ ತಮ್ಮ ಜನ್ಮದಿನದ ಔತಣ ಮಾಡಿದ್ದು ಗ್ರಂಥದಲ್ಲಿಲ್ಲ ಎಂದು ಬೋಧಿಸಿದ. ಒರಿಜನ್ನನ ಮಾತು ಸ್ವಲ್ಪ ಬಿಗಿಯಾಯಿತು ಎಂದು ನನಗನಿಸುತ್ತದೆ. ಮಕ್ಕಳಿರುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಆದರೂ ಆದಿ ಕ್ರೈಸ್ತರು 'ಹುಟ್ಟಿದ ದಿನ' ಎಂಬ ಪದವನ್ನು ಬೇರೆಯೇ ಅರ್ಥದಲ್ಲಿ ಬಳಸುತ್ತಿದ್ದರು. ಎರಡನೆಯ ಶತಮಾನದಲ್ಲಿ ಸ್ಮಿರ್ನದ ಧರ್ಮಾಧ್ಯಕ್ಷ ಸಂತ ಪೊಲಿಕಾರ್ಪರು ರಕ್ತಸಾಕ್ಷಿಯಾದಾಗ ಅಲ್ಲಿನ ವಿಶ್ವಾಸಿಗಳು ಅವರು ಮಡಿದ ದಿನವನ್ನೇ ಅವರ ಜನ್ಮದಿನವೆಂದು ಕರೆದರು. ಸ್ವರ್ಗದಲ್ಲಿ ಹುಟ್ಟಿದ ದಿನವೆಂದು ಅದರ ಅರ್ಥ.

ಅಂದಿನಿಂದ ಇಂದಿನವರೆಗೆ ನಮ್ಮ ಪಂಚಾಂಗ ನಡೆದು ಬಂದಿರುವುದು ಹಾಗೆಯೇ. ನಮ್ಮ ತ್ರಾಸಿ ಚರ್ಚಿನ ಪಾಲಕರಾದ ಸಂತ ಡಾನ್ ಬಾಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು. ನಾವು ಹಬ್ಬ ಆಚರಿಸುವುದು ಜನವರಿ 31ಕ್ಕೆ. 1888ರಲ್ಲಿ ಅವರು ಕಣ್ಣು ಮುಚ್ಚಿದ ದಿನ ಅದು. ನಮ್ಮ ಕುಂದಾಪುರ, ಗಂಗೊಳ್ಳಿ ಸೀಮೆಯಲ್ಲಿ ಓಡಾಡಿದ ಸಂತ ಜೋಸೆಫ್ ವಾಜ್ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ್ದು 1651ರ ಏಪ್ರಿಲ್ 21ರಂದು. ಹಬ್ಬ ಮಾತ್ರ ಜನವರಿ 16; 1711ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಅವರು ತೀರಿಕೊಂಡ ದಿನ. ಇಡೀ ವರ್ಷದಲ್ಲಿ ಧರ್ಮಸಭೆ ಹುಟ್ಟಿದ ದಿನವನ್ನೇ ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಡಿಸೆಂಬರ್ 25ಕ್ಕೆ ಪ್ರಭು ಯೇಸುವಿನದು, ಜೂನ್ 24ಕ್ಕೆ ಸ್ನಾನಿಕ ಯೊವಾನ್ನನದು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳದು.

ಸಂತ ಅಗಸ್ಟೀನರ ಕಾಲಕ್ಕೆ, ಅಂದರೆ ಐದನೆಯ ಶತಮಾನದ ಆರಂಭದಲ್ಲಿ, ಮೊದಲ ಎರಡು ಮಾತ್ರ ಇದ್ದವು. ಅವರೇ ಒಂದು ಪ್ರಬೋಧನೆಯಲ್ಲಿ ಹಾಗೆಂದಿದ್ದಾರೆ. ಮರಿಯಮ್ಮನ ಜನನದ ವಿಷಯದಲ್ಲಿ ನಾಲ್ಕು ಶುಭಸಂದೇಶಗಳೂ ಮೌನವಾಗಿವೆ. ಜೋಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ನಮಗೆ ಸಿಕ್ಕಿರುವುದು ಎರಡನೆಯ ಶತಮಾನದ, ಪವಿತ್ರ ಗ್ರಂಥಕ್ಕೆ ಸೇರದ ಒಂದು ಹಳೆಯ ಕೃತಿಯಿಂದ. ಆರನೆಯ ಶತಮಾನದ ಹೊತ್ತಿಗೆ ಪೂರ್ವದ ಸಭೆಗಳಲ್ಲಿ ಈ ಜನನೋತ್ಸವ ನಡೆಯುತ್ತಿತ್ತು. ಜೆರುಸಲೇಮಿನಲ್ಲಿ ಅನ್ನಮ್ಮನ ಮನೆಯಿತ್ತೆಂದು ನಂಬುವ ಜಾಗದಲ್ಲಿ ಮರಿಯಮ್ಮನ ಹೆಸರಿನ ದೇವಾಲಯವೂ ಇತ್ತು. ರೋಮಿಗೆ ಬಂದದ್ದು ಆಮೇಲೆ. 687ರಿಂದ 701ರವರೆಗೆ ಪೋಪರಾಗಿದ್ದ ಸೆರ್ಜಿಯಸರು, ಸಿರಿಯಾ ಮೂಲದ ಮನೆತನದವರು, ಈ ದಿನ ಬೀದಿಯಲ್ಲಿ ಮೆರವಣಿಗೆ ನಡೆಸುವ ಕ್ರಮ ತಂದರು. ನಮ್ಮ ಮಕ್ಕಳು ಹೂ ಹಿಡಿದು ಸಾಲಾಗಿ ನಡೆಯುವುದಕ್ಕೆ ಹದಿಮೂರು ಶತಮಾನಗಳ ಹಿನ್ನೆಲೆಯಿದೆ ಎಂದಾಯಿತು.

ಇಲ್ಲಿ ನಮ್ಮ ನೆರೆಯ ಗಂಗೊಳ್ಳಿಯನ್ನು ನೆನೆಯದೆ ಮುಂದೆ ಹೋಗಲಾರೆ. ಅಲ್ಲಿನ ಕೊಸೆಸಾಂವ್ ಮಾತೆಯ ಇಗರ್ಜಿ ಎಂದರೆ ಅಮಲೋದ್ಭವ ಮಾತೆಯ ದೇವಾಲಯ. ಹಬ್ಬ ಡಿಸೆಂಬರ್ 8. ಮಕ್ಕಳಿಗೆ ಬೆರಳು ಮಡಚಿ ಎಣಿಸಲು ಹೇಳಿ: ಡಿಸೆಂಬರ್ 8ರಿಂದ ಸೆಪ್ಟೆಂಬರ್ 8ಕ್ಕೆ ಸರಿಯಾಗಿ ಒಂಬತ್ತು ತಿಂಗಳು. ಸೆಪ್ಟೆಂಬರಿನ ಹಬ್ಬವೇ ಹಳೆಯದು. ಅದರಿಂದ ಹಿಂದಕ್ಕೆ ಎಣಿಸಿ ಅಮಲೋದ್ಭವದ ದಿನ ಗೊತ್ತು ಮಾಡಿದರು. ತಾಯಿಯಾದವರು ಹೀಗೆಯೇ ಲೆಕ್ಕ ಹಾಕುವುದು.

ಈ ಹಬ್ಬಕ್ಕೆ ಭತ್ತದ ತೆನೆ ಸೇರಿಕೊಂಡದ್ದು ಹೇಗೆ? ಅದಕ್ಕೆ ಈ ಕರಾವಳಿಯ ಚರಿತ್ರೆಗೆ ಇಳಿಯಬೇಕು. 1569ರಲ್ಲಿ ಪೋರ್ಚುಗೀಸರು ಬಸ್ರೂರಿನ ರೇವನ್ನು ಕೈವಶ ಮಾಡಿಕೊಂಡರು. ಮರುವರ್ಷ, 1570ರಲ್ಲಿ, ಕುಂದಾಪುರದ ಪವಿತ್ರ ಜಪಮಾಲೆ ಮಾತೆಯ ಚರ್ಚು ಆರಂಭವಾಯಿತು. 2020ಕ್ಕೆ ಅದಕ್ಕೆ 450 ವರ್ಷ ತುಂಬಿತು. ಆದರೆ ನಮ್ಮ ಮನೆತನಗಳು ಬಂದದ್ದು ಪೋರ್ಚುಗೀಸ್ ಕೋವಿಯ ಹಿಂದೆ ಅಲ್ಲ. 1560ರಲ್ಲಿ ಗೋವೆಯಲ್ಲಿ ಇನ್ಕ್ವಿಸಿಶನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾದ ಮೇಲೆ, ಬರ ಬಂದಾಗ, 1683ರಲ್ಲಿ ಮರಾಠರು ಬಾರ್ದೇಸ್, ಸಾಲ್ಸೆಟ್‌ಗಳ ಮೇಲೆ ಏರಿಬಂದಾಗ, ಹೀಗೆ ಅಲೆ ಅಲೆಯಾಗಿ ಜನ ದಕ್ಷಿಣಕ್ಕೆ ನಡೆದರು. ಅವರಲ್ಲಿ ಹೆಚ್ಚಿನವರು ಗದ್ದೆ ಕೆಲಸ ಬಲ್ಲವರು. ಕೆಳದಿಯ ನಾಯಕರ ಸೀಮೆಯಲ್ಲಿ ಉಳುವವರಿಗೆ ಜಾಗವಿತ್ತು. ಅವರು ನೇಗಿಲು ಹಿಡಿದು ನೆಲೆ ನಿಂತರು.

ಗೋವೆಯಲ್ಲಿ 1736ರಲ್ಲಿ ಇನ್ಕ್ವಿಸಿಶನ್ ಒಂದು ಆಜ್ಞೆ ಹೊರಡಿಸಿತು. ಹುಟ್ಟು, ಮದುವೆ, ಸಾವುಗಳಿಗೆ ಸಂಬಂಧಿಸಿದ ಅದೆಷ್ಟೋ ಮನೆಯ ಪದ್ಧತಿಗಳನ್ನು ಅದು ನಿಷೇಧಿಸಿತು. ವೀಳ್ಯ, ಅರಿಸಿನ, ಹಾಡು ಕೂಡ ಅದರ ಕಣ್ಣಿಗೆ ಬಿದ್ದಿದ್ದವು. ಆ ಆಜ್ಞೆಯ ಕೈ ನಮ್ಮ ಕೆನರಾಕ್ಕೆ ಚಾಚಲಿಲ್ಲ. ಹಾಗಾಗಿ ಇಲ್ಲಿ ಬಾಳೆಲೆ ಉಳಿಯಿತು, ತೆಂಗಿನ ಹಾಲಿನ ರೋಸ್ ಉಳಿಯಿತು, ಹೊಸ ಅಕ್ಕಿಯ ಊಟ ಉಳಿಯಿತು. ನಮ್ಮ ಹಿಂದೂ ನೆರೆಹೊರೆಯವರು ಇದೇ ಕಾಲದಲ್ಲಿ ಕದಿರು ಕಟ್ಟುತ್ತಾರೆ, 'ಹೊಸ್ತು' ಉಣ್ಣುತ್ತಾರೆ. ನಾವು ಅದನ್ನೇ 'ನೊವೆಂ' ಎನ್ನುತ್ತೇವೆ. ಹೊಸದು ಎಂಬುದೇ ಎರಡರ ಅರ್ಥ. ಒಂದೇ ಗದ್ದೆಯ ಒಂದೇ ಭತ್ತ ಅಕ್ಕಪಕ್ಕದ ಎರಡು ಮನೆಗಳ ಬಾಗಿಲಿಗೆ ಬರುತ್ತಿತ್ತು. ಕೃತಜ್ಞತೆಯನ್ನು ಯಾರು ಯಾರಿಂದ ಕಲಿತರು ಎಂದು ವಾದಿಸುವವರು ವಾದಿಸಲಿ.

ಆ ಮನೆಗಳಿಗೆ ಗುರುಗಳೇ ಇಲ್ಲದ ದಿನಗಳಿದ್ದವು. 1681ರಲ್ಲಿ ಗೋವೆಯಿಂದ ಬಂದ ಜೋಸೆಫ್ ವಾಜರು 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಕುಂದಾಪುರದ ಚರ್ಚಿನಲ್ಲಿ ಅವರು ಪ್ರಾರ್ಥನೆಯಲ್ಲಿ ತಲ್ಲೀನರಾಗಿ ನೆಲದಿಂದ ಮೇಲೆದ್ದಿದ್ದನ್ನು ಕಂಡವರಿದ್ದರೆಂಬ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಈ ಸೀಮೆಯ ಹಿರಿಯರು ಮನೆಯ ಒಬ್ಬ ಹಳೆಯ ಗುರುವಿಗೆ ಗೌರವ ಸಿಕ್ಕಿತೆಂಬಂತೆ ಸಂತೋಷಪಟ್ಟರು.

ಈ ಹಬ್ಬದ ಹೆಸರು ಬಂದದ್ದು ನಮ್ಮಿಂದ ದೂರದ ನೇತ್ರಾವತಿ ದಂಡೆಯಿಂದ. ಫರಂಗಿಪೇಟೆಯ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಮಠ, ದೇವಾಲಯ. ಪೋರ್ಚುಗೀಸ್ ಭಾಷೆಯಲ್ಲಿ ಮೊಂತೆ ಎಂದರೆ ಗುಡ್ಡ. ಗೋವೆಯ ಫಾದರ್ ಜೋಕಿಮ್ ಮಿರಾಂಡರು ಅಲ್ಲಿ 1763ರಲ್ಲಿ ಈ ಹಬ್ಬವನ್ನು ವೈಭವದಿಂದ ಆರಂಭಿಸಿದರೆಂದು ಚರಿತ್ರೆ ಹೇಳುತ್ತದೆ. ಗುಡ್ಡದ ಮಾತೆ ಜನರ ಬಾಯಲ್ಲಿ 'ಮೊಂತಿ ಸಾಯ್ಬಿಣ್' ಆದಳು. ಸಾಯ್ಬಿಣ್ ಎಂದರೆ ಒಡತಿ. ಅದೇ 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕೆಳದಿಯ ಆಳ್ವಿಕೆ ಮುಗಿಸಿದ. ಕೆನರಾಕ್ಕೆ ಹೊಸ ಒಡೆಯ ಬಂದ ವರ್ಷವೇ ಗುಡ್ಡದ ಮೇಲೆ ಒಂದು ಕೂಸಿನ ಹುಟ್ಟುಹಬ್ಬ ಶುರುವಾಯಿತು.

ಇಪ್ಪತ್ತೊಂದು ವರ್ಷ ಕಳೆಯಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಸಂಶಯವಿಲ್ಲ. ಚರ್ಚುಗಳು ನೆಲಸಮವಾದವು. ಗದ್ದೆಗಳು ಬೇರೆಯವರ ಪಾಲಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಘಟ್ಟ ಇಳಿದು ಮರಳಿದರು. ಹದಿನೈದು ವರ್ಷ! ಸೆರೆಗೆ ಹೋಗುವಾಗ ಐದು ವರ್ಷದವನಾಗಿದ್ದ ಹುಡುಗ ಇಪ್ಪತ್ತರ ಯುವಕನಾಗಿ ಬಂದ. ಬಂದವರಲ್ಲಿ ಹಣವಿರಲಿಲ್ಲ, ಒಡವೆಯಿರಲಿಲ್ಲ. ಆದರೂ ಮೊಂತಿ ಹಬ್ಬ ಮತ್ತೆ ಚಿಗುರಿತು. ಅದಕ್ಕೆ ಬೇಕಾದದ್ದು ಬೇಲಿಯ ಹೂ, ಒಂದು ತೆನೆ, ಒಂದು ತೆಂಗಿನಕಾಯಿ, ಒಟ್ಟಿಗೆ ಕೂರುವ ಮನೆಮಂದಿ ಇಷ್ಟೇ. ದುಬಾರಿ ಹಬ್ಬವಾಗಿದ್ದರೆ ಶ್ರೀರಂಗಪಟ್ಟಣದ ದಾರಿಯಲ್ಲೇ ಸತ್ತುಹೋಗುತ್ತಿತ್ತು ಎಂದು ನಾನು ತಿಳಿದಿದ್ದೇನೆ.

ಈಗ ನಾವು ಮಗುವಿನ ರೂಪದಲ್ಲಿ ಕಾಣುವ ಮರಿಯಮ್ಮನ ಪ್ರತಿಮೆಯ ಕಥೆಯೂ ಸ್ವಾರಸ್ಯವಾಗಿದೆ. 1735ರ ಸುಮಾರಿಗೆ ಇಟಲಿಯ ತೋದಿ ಎಂಬ ಊರಿನ ಕನ್ಯಾಮಠದಲ್ಲಿ ಇಸಾಬೆಲ್ಲಾ ಕಿಯಾರಾ ಫೊರ್ನಾರಿ ಎಂಬ ಭಗಿನಿ ಮೇಣದಲ್ಲಿ, ಬಟ್ಟೆಯಲ್ಲಿ ಸುತ್ತಿದ ಕೂಸು ಮರಿಯಳನ್ನು ಮಾಡಿದರು. ಅದು ಮಿಲಾನ್ ನಗರ ಸೇರಿತು. 1842ರಲ್ಲಿ ಅಲ್ಲಿನ ಚಾರಿಟಿ ಸಹೋದರಿಯರ ವಶಕ್ಕೆ ಬಂತು. ಅದೇ ಸಭೆಯ ಭಗಿನಿಯರು 1860ರಲ್ಲಿ ಬಂಗಾಳಕ್ಕೂ 1898ರಲ್ಲಿ ಮಂಗಳೂರಿಗೂ ಬಂದರು. ತೊಟ್ಟಿಲಲ್ಲಿ ಮಲಗಿದ ಈ ಕೂಸಿನ ಮುಂದೆ ಮಕ್ಕಳಿಗೆ ಭಯವಿಲ್ಲ. ಕಿರೀಟ ತೊಟ್ಟ ರಾಣಿಗೆ ಕೈ ಮುಗಿಯುತ್ತಾರೆ. ಕೂಸಿಗಾದರೆ ಹೂ ಎರಚಿ ನಗುತ್ತಾರೆ.

ಚರ್ಚಿನಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು: ತೆನೆಗಳ ಆಶೀರ್ವಾದ, ಮೆರವಣಿಗೆ, ದಿವ್ಯ ಬಲಿಪೂಜೆ, ಕೊನೆಗೆ ಮಕ್ಕಳಿಗೆ ಕಬ್ಬು. ಒಂಬತ್ತು ದಿನ ತಪ್ಪದೆ ಹೂ ತಂದ ಮಗುವಿಗೂ ಕೊನೆಯ ದಿನ ಮಾತ್ರ ಬಂದ ಮಗುವಿಗೂ ಅದೇ ಒಂದು ತುಂಡು ಕಬ್ಬು. ಬಾಲ್ಯದಲ್ಲಿ ನನಗೆ ಇದು ದೊಡ್ಡ ಅನ್ಯಾಯವೆನಿಸುತ್ತಿತ್ತು. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಓದಿದ ಮೇಲೂ ಅನಿಸುತ್ತಿತ್ತು.

ಮನೆಯ ಹಬ್ಬ ಶುರುವಾಗುವುದು ಆಮೇಲೆ. ಗುರುಗಳು ಕೊಟ್ಟ ತೆನೆಯನ್ನು ಅಪ್ಪ ಮಡಿ ಬಟ್ಟೆಯಲ್ಲಿ ತರುತ್ತಿದ್ದರು. ಅಲ್ತಾರಿನ ಮುಂದೆ ದೀಪ ಹಚ್ಚಿ, ತೆನೆ ಇಟ್ಟು, ಒಂದು ಸಣ್ಣ ಪ್ರಾರ್ಥನೆ. ಕಾರ್ತಿ ಬೆಳೆಯ ತೆನೆ ಆ ಹೊತ್ತಿಗೆ ಇನ್ನೂ ಹಸಿರು; ಎಷ್ಟೋ ಕಾಳುಗಳಲ್ಲಿ ಹಾಲು ಮಾತ್ರ. ಬಲಿತ ಕಾಳುಗಳನ್ನು ಹುಡುಕಿ ಉಗುರಿನಿಂದ ಸಿಪ್ಪೆ ಬಿಡಿಸುವ ಕೆಲಸ ಮಕ್ಕಳದು. ಅರೆಯುವ ಕಲ್ಲಿನಲ್ಲಿ ಅದನ್ನು ನುಣ್ಣಗೆ ಮಾಡಿ, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿ, ಮನೆಯ ಹಿರಿಯರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಚಮಚದಲ್ಲಿ ಹಂಚುವುದು. ಕೂಸಿನ ತುಟಿಗೆ ಬೆರಳ ತುದಿಯಿಂದ ಮುಟ್ಟಿಸುವುದು. ನೊವೆಂ ಆಗುವವರೆಗೆ ಯಾರಿಗೂ ಊಟವಿಲ್ಲ.

ಆಮೇಲೆ ಬಾಳೆಲೆ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಕಡಲ ಮಗ್ಗುಲಲ್ಲಿದ್ದು ಮೀನಿಲ್ಲದ ಹಬ್ಬ ಮಾಡುವವರು ನಾವು! ಪಲ್ಯ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಅನುಕೂಲವಿದ್ದರೆ ಒಂಬತ್ತು. ಬೆಂಡೆ, ತೊಂಡೆ, ಹೀರೆ, ಅಲಸಂಡೆ, ಹಾಗಲಕ್ಕೆ ಅಂಬಟೆ ಸೇರಿಸಿದ ಪದಾರ್ಥ, ಕೆಸುವಿನ ದಂಟು, ಪತ್ರೊಡೆ, ಸಣ್ಣಾಂ, ಕೊನೆಗೆ ಹೆಸರುಬೇಳೆಯ ಪಾಯಸ, ನಾವು ವೊರ್ನ್ ಎನ್ನುವುದು. ಗಮನಿಸಿ, ಇವೆಲ್ಲ ಮಳೆಗಾಲದಲ್ಲಿ ಹಿತ್ತಿಲಲ್ಲಿ ತಾನಾಗಿ ಆಗುವಂಥವು. ಒಂಬತ್ತು ಮಾಡಲಾಗದವರು ಮೂರು ಮಾಡುತ್ತಿದ್ದರು. ಮೂರೂ ಬೆಸ ಸಂಖ್ಯೆಯೇ. ಬಡವನಿಗೆ ನಾಚಿಕೆಯಾಗದಂತೆ ಈ ಲೆಕ್ಕ ಇಟ್ಟವರಾರೋ, ಅವರ ಬುದ್ಧಿ ದೊಡ್ಡದು.

ನಮ್ಮ ಮನೆಯಲ್ಲಿ ಇನ್ನೊಂದು ಕ್ರಮವಿತ್ತು. ಅರೆಯುವ ಮೊದಲು ಅಮ್ಮ ಕಾಳುಗಳನ್ನು ತಲೆಗೊಂದರಂತೆ ಹೆಸರು ಹೇಳಿ ಎಣಿಸುತ್ತಿದ್ದರು. ಶಾಮಾಯ್‌ಗೆ ಒಂದು, ಅಪ್ಪನಿಗೆ ಒಂದು, ಮುಂಬಯಿಯ ಅಣ್ಣನಿಗೆ ಒಂದು, ಮದುವೆಯಾಗಿ ಬೈಂದೂರಿಗೆ ಹೋದ ಅಕ್ಕನಿಗೆ ಒಂದು. ದೂರ ಇದ್ದವರ ಕಾಳುಗಳನ್ನು ಅರೆಯದೆ ತೆಗೆದಿಟ್ಟು, ಒಣಗಿಸಿ, ಕಾಗದದಲ್ಲಿ ಮಡಚಿ ಅಂಚೆಗೆ ಹಾಕುವುದು. ನನ್ನ ಕಿರಿಯ ತಮ್ಮ ಜ್ವರದಲ್ಲಿ ತೀರಿಕೊಂಡ ವರ್ಷ ಅಮ್ಮ ಎಂದಿನಂತೆ ಎಣಿಸಿದರು. ಒಂದು ಕಾಳು ಹೆಚ್ಚಾಯಿತು. ಅಪ್ಪ ಏನೂ ಹೇಳಲಿಲ್ಲ. ಅಮ್ಮನೂ ಅದನ್ನು ತೆಗೆಯಲಿಲ್ಲ. ಎಲ್ಲದರ ಜೊತೆ ಅರೆದರು. ಸೆಪ್ಟೆಂಬರ್ 8ರ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ. ಅಬ್ರಹಾಮನಿಂದ ಯೇಸುವಿನವರೆಗಿನ ಹೆಸರುಗಳ ಉದ್ದನೆಯ ಪಟ್ಟಿ. ಅದನ್ನು ಕೇಳುವಾಗ ಪೀಠಸೇವೆಯ ಹುಡುಗರು ಆಕಳಿಸುತ್ತಾರೆ. ನನಗೆ ಮಾತ್ರ ಪ್ರತಿ ವರ್ಷವೂ ಅಮ್ಮ ಕಾಳು ಎಣಿಸುವ ದನಿ ಕೇಳುತ್ತದೆ.

ಹಾಗಾದರೆ ಮನೆಯ ಮಕ್ಕಳ ಹುಟ್ಟುಹಬ್ಬ? ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅದು ಹೆಚ್ಚಾಗಿ ಗೊತ್ತೇ ಆಗದೆ ದಾಟಿಹೋಗುತ್ತಿತ್ತು. ಎಷ್ಟೋ ಹಿರಿಯರಿಗೆ ತಾವು ಹುಟ್ಟಿದ ತಾರೀಕು ಬೇಕಾದಾಗ ಚರ್ಚಿನ ಜ್ಞಾನಸ್ನಾನದ ದಫ್ತರವನ್ನೇ ನೋಡಬೇಕಿತ್ತು. ಹಿರಿಯ ಮಗುವಿಗೆ ತಂದೆಯ ಕಡೆಯ ಅಜ್ಜ ಅಥವಾ ಅಜ್ಜಿಯ ಹೆಸರು, ಮುಂದಿನದಕ್ಕೆ ತಾಯಿಯ ಕಡೆಯದು. ಹೀಗಾಗಿ ಹೆಸರಿನ ಸಂತರ ಹಬ್ಬ ಅಜ್ಜನಿಗೂ ಮೊಮ್ಮಗನಿಗೂ ಒಂದೇ ದಿನ. ಆ ಬೆಳಿಗ್ಗೆ ಪೂಜೆಗೆ ಹೋಗುವುದು, ಮಧ್ಯಾಹ್ನ ಪಾಯಸ, ಸಂಜೆ ಜಪಸರವಾದ ಮೇಲೆ ಹಿರಿಯರ ಮುಂದೆ ಕೈ ಜೋಡಿಸಿ 'ಬೆಸಾಂವ್' ಕೇಳುವುದು. ಆಶೀರ್ವಾದ ಎಂಬರ್ಥದ ಪೋರ್ಚುಗೀಸ್ ಪದ ನಮ್ಮ ಬಾಯಲ್ಲಿ ಹೀಗಾಗಿದೆ. ಉಳಿದ ದಿನಗಳಲ್ಲಿ ಎಲ್ಲ ಮಕ್ಕಳಿಗೂ ಬೆಸಾಂವ್ ಇತ್ತು. ಆ ದಿನ ಹಬ್ಬದ ಮಗುವಿಗೆ ಮೊದಲು. ಸಾಲಿನಲ್ಲಿ ಮೊದಲು ನಿಲ್ಲುವ ಆ ಗೌರವಕ್ಕೆ ಎಷ್ಟು ಬೆಲೆಯಿತ್ತೆಂದು ಹಲವು ಮಕ್ಕಳ ಮನೆಯಲ್ಲಿ ಬೆಳೆದವರಿಗೆ ಮಾತ್ರ ತಿಳಿಯುತ್ತದೆ.

ಕೇಕ್ ಮೇಲೆ ಮೇಣದ ಬತ್ತಿ ಹಚ್ಚುವ ಪದ್ಧತಿ ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಕಾಣಿಸಿಕೊಂಡು ಅಲ್ಲಿಂದ ಹರಡಿದ್ದು. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ನಮ್ಮ ಕಡೆಗೆ ಅದು ಬಂದದ್ದು ಮುಂಬಯಿ ದುಡಿಮೆಯ ಜೊತೆ, ಆಮೇಲೆ ಕೊಲ್ಲಿಯ ದುಡಿಮೆಯ ಜೊತೆ. ಊರಲ್ಲಿಲ್ಲದ ಅಪ್ಪ ತನ್ನ ಪ್ರೀತಿಯನ್ನು ಹಣದಲ್ಲಿ ಕಳುಹಿಸಿದ. ಅಮ್ಮ ಅದನ್ನು ಕೇಕಾಗಿ ಮಾಡಿದಳು. ನಾನು ಅದನ್ನು ಆಡಿಕೊಳ್ಳಲಾರೆ. ಆದರೆ ದೀಪ ಊದಿ ಆರಿಸುವುದಕ್ಕೆ ನನ್ನ ಅಜ್ಜಿಯ ಮನಸ್ಸು ಕೊನೆಯವರೆಗೂ ಒಪ್ಪಲಿಲ್ಲ. "ಜ್ಞಾನಸ್ನಾನದ ದಿನ ಪಾದ್ರಿಗಳು ಹಚ್ಚಿ ಕೊಟ್ಟ ಬತ್ತಿಯನ್ನು ಎಲ್ಲಿ ಇಟ್ಟಿದ್ದೀರಿ? ಅದನ್ನು ಹಚ್ಚಿ, ಊದಬೇಡಿ" ಎನ್ನುತ್ತಿದ್ದರು. ನಮ್ಮ ಕೆಲವು ಮನೆಗಳಲ್ಲಿ ಈಗಲೂ ಆ ಬತ್ತಿಯನ್ನು ಪೆಟ್ಟಿಗೆಯಲ್ಲಿ ಕಾದಿಟ್ಟು ವರ್ಷಕ್ಕೊಮ್ಮೆ, ಹುಟ್ಟಿದ ದಿನವೋ ಜ್ಞಾನಸ್ನಾನದ ದಿನವೋ, ಒಂದು ಪ್ರಾರ್ಥನೆಯ ಹೊತ್ತು ಉರಿಸುತ್ತಾರೆ. ಮಗುವಿನ ಜ್ಞಾನತಂದೆ, ಜ್ಞಾನತಾಯಿ ಹತ್ತಿರದಲ್ಲಿದ್ದರೆ ಅವರೇ ಬಂದು ಹಚ್ಚುತ್ತಾರೆ. ಖರ್ಚೆಂದರೆ ಒಂದು ಬೆಂಕಿಕಡ್ಡಿ.

ಡಾನ್ ಬಾಸ್ಕೊ ಅವರಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿತಾ ಹೊಲದ ಕೆಲಸ ಮಾಡಿ ಮಕ್ಕಳನ್ನು ಬೆಳೆಸಿದರು. ಆ ಮನೆಯಲ್ಲಿ ಕೇಕ್ ಇದ್ದಿರಲಾರದು. ಅದೇ ತಾಯಿ ಮುಂದೆ ತುರಿನ್ ನಗರಕ್ಕೆ ಬಂದು, ಮಗ ಸೇರಿಸಿಕೊಂಡ ಅನಾಥ ಹುಡುಗರಿಗೆಲ್ಲ ಬೇಯಿಸಿ ಹಾಕಿ, ಹರಿದ ಬಟ್ಟೆ ಹೊಲಿದು 'ಅಮ್ಮ' ಆದರು. ನಮ್ಮ ಚರ್ಚಿಗೆ ಇಂಥ ಪಾಲಕರಿರುವಾಗ ಬಡತನದ ಹಬ್ಬಕ್ಕೆ ನಾಚುವುದೇಕೆ ಎಂದು ದೊತೊರ್ನ್ ತರಗತಿಯಲ್ಲಿ ನಾನು ಕೇಳುವುದುಂಟು. ಕ್ರಿಸ್ಮಸ್ ಬಂದಾಗಲೂ ಅಷ್ಟೇ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಮಾಡಿದ ಗೋದಲಿಗೆ ವಿದ್ಯುದ್ದೀಪದ ಸರವಿರಲಿಲ್ಲ. ಡಿಸೆಂಬರಿನ ಮೊದಲ ವಾರಗಳಲ್ಲಿ ಮಕ್ಕಳು ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತಿ, ದಿನವೂ ನೀರು ಚಿಮುಕಿಸಿ, ಗೋದಲಿಯ ಹಸಿರು ಗದ್ದೆ ಬೆಳೆಸುತ್ತಿದ್ದರು. ತ್ರಾಸಿಯ ಮಕ್ಕಳಿಗೆ ದಾರಿ ಮಾಡಲು ಕಡಲ ಮರಳಂತೂ ಧಾರಾಳ.

ಈಗ ತೆನೆಯದೇ ತೊಂದರೆ. ಹೆದ್ದಾರಿ ಅಗಲವಾಯಿತು, ಬೇಲಿಗಳು ಹೋಗಿ ಕಾಂಪೌಂಡ್ ಗೋಡೆಗಳು ಬಂದವು. ನಾಟಿ ಮಾಡುವ ಕೈಗಳು ಕಡಿಮೆಯಾಗಿ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಆಶೀರ್ವಾದಕ್ಕೆ ಬೇಕಾದ ತೆನೆಯನ್ನು ಬೇರೆ ಊರಿಂದ ತರಿಸುವ ಧರ್ಮಕೇಂದ್ರಗಳಿವೆ. ಕೆಲವರು ಟಾರಸಿಯ ಮೇಲೆ ಕುಂಡದಲ್ಲಿ ನಾಲ್ಕು ಬುಡ ಭತ್ತ ನೆಡುತ್ತಿದ್ದಾರೆ. ನಗಬೇಡಿ. ಜೂನಿನಲ್ಲಿ ಮಗುವಿನ ಕೈಯಿಂದ ಬಿತ್ತಿಸಿದರೆ ಸೆಪ್ಟೆಂಬರಿಗೆ ತೆನೆ ಬರುತ್ತದೆ. ಮೂರು ತಿಂಗಳು ಕಾಯುವುದು ಹೇಗೆಂದು ಮಗುವಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ದುಬೈ, ಕುವೈತ್, ಇಸ್ರೇಲಿನಲ್ಲಿರುವವರಿಗೆ ಊರಿಂದ ಹೋಗುವ ಯಾರದೋ ಕೈಯಲ್ಲಿ ಒಣಗಿದ ಕಾಳಿನ ಪೊಟ್ಟಣ ಇಂದಿಗೂ ಹೋಗುತ್ತದೆ.

ಆ ಯುವ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ನಾನು ಇದನ್ನೆಲ್ಲ ಆಗ ಹೇಳಲಾಗಲಿಲ್ಲ. ಅವರು ಸಾಲ ಮಾಡಿದರು, ಹಾಲ್ ಹಿಡಿದರು. ನಾನೂ ಹೋಗಿ ಊಟ ಮಾಡಿ ಬಂದೆ. ಊಟ ಚೆನ್ನಾಗಿಯೇ ಇತ್ತು. ಧ್ವನಿವರ್ಧಕದ ಸದ್ದಿಗೆ ಬೆಚ್ಚಿದ ಮಗು ಅತ್ತು ಅತ್ತು, ಕೇಕ್ ಕತ್ತರಿಸುವ ಹೊತ್ತಿಗೆ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಸಾಲದ ಕಂತು ಇನ್ನೂ ನಡೆಯುತ್ತಿದೆಯಂತೆ. ಈ ವರ್ಷ ನವದಿನದ ಮೊದಲ ಸಂಜೆ ಅದೇ ಮಗುವನ್ನು ಎತ್ತಿಕೊಂಡು ಅವಳು ಹೂ ಹಾಕುವ ಸಾಲಿನಲ್ಲಿ ನಿಂತಿದ್ದಳು. ಸ್ಟೀಲಿನ ಸಣ್ಣ ಬಟ್ಟಲಲ್ಲಿ ಐದಾರು ದಾಸವಾಳ. ಸರದಿ ಬಂದಾಗ ಮಗು ಮುಷ್ಟಿ ತುಂಬ ಹೂ ಹಿಡಿದು, ಜೋರಾಗಿ ನಕ್ಕು, ಎರಚಿತು. ಒಂದೂ ಮರಿಯಮ್ಮನವರೆಗೆ ಹೋಗಲಿಲ್ಲ. ಎಲ್ಲ ಪೀಠಸೇವೆಯ ಹುಡುಗನ ತಲೆಯ ಮೇಲೆ ಬಿದ್ದವು. ತಾಯಿ ಬಗ್ಗಿ ಹೂ ಆಯ್ದು ಮತ್ತೆ ಮಗುವಿನ ಕೈಗೆ ಕೊಟ್ಟ���ು.